ಹಳೆಯ ಮದರ್‌ಬೋರ್ಡಿನಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಮಾಡುವುದು

ಹುಬ್ಬಳ್ಳಿಯ ಡಿಟಿಪಿ ಅಂಗಡಿ, ಗದಗಿನ ಪ್ರಿಂಟಿಂಗ್ ಪ್ರೆಸ್, ಧಾರವಾಡ ಸಪ್ತಾಪುರದ ಕೋಚಿಂಗ್ ಕ್ಲಾಸು, ಬ್ಯಾಡಗಿಯ ದಲಾಲಿ ಅಂಗಡಿ, ಎಲ್ಲಿ ಕ್ಯಾಬಿನೆಟ್ ಬಿಚ್ಚಿದರೂ ಎಚ್61, ಬಿ75, ಎಚ್81 ಚಿಪ್‌ಸೆಟ್ಟಿನ ಹಳೆಯ ಇಂಟೆಲ್ ಬೋರ್ಡುಗಳು ಇನ್ನೂ ದುಡಿಯುತ್ತಿವೆ. ಟ್ಯಾಲಿಗೆ, ನುಡಿಗೆ, ಕೋರಲ್ ಡ್ರಾಗೆ ಆ ಪ್ರೊಸೆಸರ್ ಈಗಲೂ ಸಾಕು. ಜೀವ ಹಿಂಡುವುದು ಹಾರ್ಡ್‌ಡಿಸ್ಕ್ ಒಂದೇ. ಹೀಗಾಗಿ ಜನ ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐಇ ಸ್ಲಾಟಿನ ಮೂಲಕ ಓಡುವ ವೇಗದ ಡಿಸ್ಕ್), ಜೊತೆಗೊಂದು ಅಡಾಪ್ಟರ್ ಕಾರ್ಡ್ ತಂದು ಹಚ್ಚುತ್ತಾರೆ. ಆಮೇಲೆ ಎಲ್ಲರದೂ ಒಂದೇ ದೂರು: "ಸರ, ವಿಂಡೋಸ್‌ನ್ಯಾಗ ಡಿಸ್ಕ್ ಕಾಣತೈತಿ, ಬಯೋಸ್‌ನ್ಯಾಗ ಕಾಣವಲ್ದು."

ಡಿಸ್ಕ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಕರೆಂಟ್ ಬಂದ ಕೂಡಲೆ ಮೊದಲು ಓಡುವುದು ಬಯೋಸ್ ಚಿಪ್ಪಿನೊಳಗಿನ ಪ್ರೋಗ್ರಾಂ. ಅದಕ್ಕೆ ಸಾಟಾ ಕೇಬಲಿನ ಮಾಮೂಲಿ ಡಿಸ್ಕ್ ಓದಲು ಬರುತ್ತದೆ, ಪೆನ್ ಡ್ರೈವ್ ಓದಲು ಬರುತ್ತದೆ, ಎನ್‌ವಿಎಂಇ ಓದಲು ಬರುವುದಿಲ್ಲ. ಎನ್‌ವಿಎಂಇಯ ಮೊದಲ ನಿಯಮಾವಳಿ ಹೊರಬಿದ್ದದ್ದು 2011ರಲ್ಲಿ. ಡೆಸ್ಕ್‌ಟಾಪ್ ಬೋರ್ಡುಗಳ ಬಯೋಸಿಗೆ ಅದರ ಡ್ರೈವರ್ ಸೇರತೊಡಗಿದ್ದು 2014ರಲ್ಲಿ ಬಂದ ಇಂಟೆಲ್ 9 ಸೀರೀಸ್‌ನಿಂದ, ಅಂದರೆ ಎಚ್97, ಝಡ್97 ಕಾಲದಿಂದ. ಅದಕ್ಕೂ ಹಿಂದಿನ 6, 7, 8 ಸೀರೀಸ್ ಬೋರ್ಡುಗಳಲ್ಲಿ, ಎಎಂಡಿಯ 970ರಂಥ ಎಎಂ3+ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಆ ಡ್ರೈವರ್ ಇರುವುದಿಲ್ಲ. ವಿಂಡೋಸ್ 8.1ರಿಂದ ಈಚೆಗೆ ವಿಂಡೋಸ್ ಬಳಿ, 2012ರ 3.3ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಬಳಿ ಸ್ವಂತ ಡ್ರೈವರ್ ಇದೆ. ಅದಕ್ಕೇ ಸಿಸ್ಟಂ ಮೇಲೆದ್ದ ಮೇಲೆ ಡಿಸ್ಕ್ ಕಾಣುತ್ತದೆ, ಏಳುವ ಮುಂಚೆ ಕಾಣುವುದಿಲ್ಲ.

ಹಾಗಾಗಿ ಇಲ್ಲಿ ಬಗೆಹರಿಸಬೇಕಾದದ್ದು ಒಂದೇ ಪ್ರಶ್ನೆ: ಸ್ವಿಚ್ ಒತ್ತಿದ ಗಳಿಗೆಯಿಂದ ವಿಂಡೋಸ್ ಅಥವಾ ಲಿನಕ್ಸ್ ತನ್ನ ಡ್ರೈವರ್ ಎತ್ತಿಕೊಳ್ಳುವ ತನಕ ಆ ಡಿಸ್ಕನ್ನು ಯಾರು ಓದಬೇಕು? ಪೆನ್ ಡ್ರೈವ್‌ನಲ್ಲಿ ಇಟ್ಟ ಚಿಕ್ಕ ಲೋಡರ್ ಓದಬಹುದು. ಬಯೋಸಿಗೇ ಡ್ರೈವರ್ ಸೇರಿಸಬಹುದು. ಲಿನಕ್ಸ್ ಆದರೆ ಆ ಪ್ರಶ್ನೆಯೇ ಏಳದಂತೆ ಕೂರಿಸಬಹುದು. ಬಯೋಸ್ ಚಿಪ್ಪಿಗೆ ಕೈ ಹಚ್ಚುವ ದಾರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಪೆನ್ ಡ್ರೈವ್ ಕೆಟ್ಟರೆ ಹತ್ತು ನಿಮಿಷದ ಕೆಲಸ, ಬಯೋಸ್ ಕೆಟ್ಟರೆ ಅಂಗಡಿಯ ಕೆಲಸವೇ ನಿಂತುಬಿಡುತ್ತದೆ.

ಕೊಳ್ಳುವ ಮುನ್ನ

ಮೊದಲು ಬೋರ್ಡಿನ ಹೆಸರು, ಬಯೋಸಿನ ಜಾತಿ ಗೊತ್ತಿರಲಿ. ವಿಂಡೋಸ್ ರನ್ ಬಾಕ್ಸಿನಲ್ಲಿ ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿದರೆ ಬೇಸ್‌ಬೋರ್ಡ್ ಪ್ರಾಡಕ್ಟ್, ಬಯೋಸ್ ವರ್ಷನ್, ಬಯೋಸ್ ಮೋಡ್ ಮೂರೂ ಸಿಗುತ್ತವೆ. ಮೋಡ್ ಲೆಗಸಿ (ಹಳೆಯ ಬಯೋಸ್ ರೀತಿ) ಎಂದಿದ್ದರೆ ಬೋರ್ಡಿನಲ್ಲಿ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇಲ್ಲವೇ ಇಲ್ಲ ಎಂದಲ್ಲ, ಈಗಿರುವ ವಿಂಡೋಸ್ ಲೆಗಸಿಯಲ್ಲಿ ಇನ್‌ಸ್ಟಾಲ್ ಆಗಿದೆ ಎಂದಷ್ಟೇ. ಎಚ್61 ಮತ್ತು ನಂತರದ ಬಹುಪಾಲು ಬೋರ್ಡುಗಳಲ್ಲಿ ಯುಇಎಫ್‌ಐ ಇರುತ್ತದೆ. ಜಿ31, ಜಿ41ರಂಥ ಕೋರ್ 2 ಡ್ಯುಯೋ ಕಾಲದವುಗಳಲ್ಲಿ ಇರುವುದಿಲ್ಲ.

ಆಮೇಲೆ ಸ್ಲಾಟ್. ಪಿಸಿಐಇ ಅಂದರೆ ಕಾರ್ಡ್ ಕೂರುವ ಸ್ಲಾಟಿನ ಜಾತಿ. ಅದರ 2.0ರಲ್ಲಿ ಒಂದು ಲೇನ್ (ಡೇಟಾ ಸಾಗುವ ಒಂದು ದಾರಿ) ಸೆಕೆಂಡಿಗೆ 500 ಎಂಬಿ ಸಾಗಿಸಬಲ್ಲದು, ನಾಲ್ಕು ಲೇನ್ ಅಂದರೆ 2,000 ಎಂಬಿ. 3.0ರಲ್ಲಿ ನಾಲ್ಕು ಲೇನಿಗೆ 3,900 ಎಂಬಿಯಷ್ಟು. ಇವು ಲೆಕ್ಕದ ಅಂಕಿಗಳು. ಕೈಗೆ ಸಿಗುವುದು ಇದಕ್ಕಿಂತ ಕಡಿಮೆ, 2.0 ಎಕ್ಸ್4ನಲ್ಲಿ, ಅಂದರೆ ನಾಲ್ಕು ಲೇನಿನಲ್ಲಿ, 1,600ರ ಆಸುಪಾಸು. ಎಚ್61 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದೇ ಉದ್ದನೆಯ ಎಕ್ಸ್16 ಸ್ಲಾಟ್ ಇರುತ್ತದೆ, ಉಳಿದವು ಗಿಡ್ಡ ಎಕ್ಸ್1. ಎಸ್‌ಎಸ್‌ಡಿ ಕಾರ್ಡ್ ಆ ಉದ್ದನೆಯದರಲ್ಲೇ ಕೂರಬೇಕು. ಡಿಸ್‌ಪ್ಲೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಿಂದ ಬರುತ್ತಿದ್ದರೆ ಅಡ್ಡಿಯಿಲ್ಲ. ಅಲ್ಲಿ ಈಗಾಗಲೇ ಗ್ರಾಫಿಕ್ಸ್ ಕಾರ್ಡ್ ಕೂತಿದ್ದರೆ ಎನ್‌ವಿಎಂಇ ಆಸೆ ಬಿಟ್ಟು ಸಾಟಾ ಎಸ್‌ಎಸ್‌ಡಿ ಹಾಕಿ. ಎಕ್ಸ್1 ಸ್ಲಾಟಿನಲ್ಲಿ 400 ಎಂಬಿ ವೇಗಕ್ಕಾಗಿ ಇಷ್ಟೆಲ್ಲ ಕಸರತ್ತು ತರವಲ್ಲ.

ಸಾಟಾ ಸಾಕೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಎಚ್61ರಲ್ಲಿ ಇರುವುದೆಲ್ಲ ಸಾಟಾ 2, ಎಸ್‌ಎಸ್‌ಡಿ ಹಾಕಿದರೂ 270 ಎಂಬಿ ದಾಟುವುದು ಕಷ್ಟ. ಬಿ75ರಲ್ಲಿ ಸಾಟಾ 3 ಒಂದು ಪೋರ್ಟ್, ಎಚ್81ರಲ್ಲಿ ಎರಡು, ಬಿ85ರಲ್ಲಿ ನಾಲ್ಕು. ಅವುಗಳಲ್ಲಿ 550 ಎಂಬಿ ಹತ್ತಿರ ಸಿಗುತ್ತದೆ. ಟ್ಯಾಲಿ, ಬ್ರೌಸರ್, ನುಡಿ ಟೈಪಿಂಗ್‌ಗೆ ಸಾಟಾ 2ರ ಎಸ್‌ಎಸ್‌ಡಿಯೂ ಹಾರ್ಡ್‌ಡಿಸ್ಕಿಗಿಂತ ಅಜಗಜಾಂತರ, ಯಾಕೆಂದರೆ ಅಲ್ಲಿ ಲಾಭ ಬರುವುದು ಚಿಕ್ಕ ಫೈಲುಗಳನ್ನು ಹುಡುಕುವ ಚುರುಕಿನಿಂದ. ಎನ್‌ವಿಎಂಇ ಅರ್ಥಪೂರ್ಣವಾಗುವುದು ಎರಡು ಕಡೆ: ದೊಡ್ಡ ಫೋಟೋ, ಫ್ಲೆಕ್ಸ್ ಡಿಸೈನ್, ವಿಡಿಯೋ ಫೈಲುಗಳೊಂದಿಗೆ ದಿನವಿಡೀ ಹೆಣಗುವಲ್ಲಿ, ಮತ್ತು ಮುಂದೆ ಹೊಸ ಪಿಸಿ ಕೊಂಡಾಗ ಇದೇ ಡಿಸ್ಕನ್ನು ಅದಕ್ಕೆ ವರ್ಗಾಯಿಸುವ ಯೋಚನೆ ಇದ್ದಾಗ.

ಬಳಸಿದ ಬ್ರ್ಯಾಂಡೆಡ್ ಆಫೀಸ್ ಪಿಸಿಗಳಲ್ಲಿ ಸ್ಲಾಟುಗಳು ಉದಾರವಾಗಿರುವುದುಂಟು. ಡೆಲ್ ಆಪ್ಟಿಪ್ಲೆಕ್ಸ್ 7010ರಲ್ಲಿ ಎಕ್ಸ್16 ಅಲ್ಲದೆ ಎಕ್ಸ್4 ವೈರಿಂಗಿನ ಇನ್ನೊಂದು ಸ್ಲಾಟ್ ಇದೆ. ಕ್ಯಾಬಿನೆಟ್ ತೆಳ್ಳನೆಯದಾದರೆ ಅಡಾಪ್ಟರ್ ಜೊತೆ ಗಿಡ್ಡ ಬ್ರ್ಯಾಕೆಟ್ ಕೇಳಿ ಪಡೆಯಿರಿ.

ಅಡಾಪ್ಟರ್ ಕೊಳ್ಳುವಾಗ ಬಹಳ ಜನ ಮೋಸ ಹೋಗುವ ಒಂದು ಕಾರ್ಡಿದೆ: ಎರಡು ಎಂ.2 ಜಾಗ ಇರುವಂಥದ್ದು. ಅದರಲ್ಲಿ ಒಂದೇ ಜಾಗ ಎನ್‌ವಿಎಂಇಗೆ. ಇನ್ನೊಂದು ಸಾಟಾ ಎಂ.2ಗೆ ಮೀಸಲು, ಅದಕ್ಕೆ ಕಾರ್ಡಿನಿಂದ ಬೋರ್ಡಿಗೆ ಪ್ರತ್ಯೇಕ ಸಾಟಾ ಕೇಬಲ್ ಎಳೆಯಬೇಕು. ನಿಮಗೆ ಬೇಕಾದದ್ದು ಎಂ ಕೀ (ಎನ್‌ವಿಎಂಇ ಡಿಸ್ಕಿನ ಕಚ್ಚಿಗೆ ಹೊಂದುವ ಆಕಾರ) ಇರುವ ಒಂದೇ ಜಾಗದ ಪಿಸಿಐಇ ಎಕ್ಸ್4 ಕಾರ್ಡ್. ಡಿಸ್ಕ್ ಕೊಳ್ಳುವಾಗಲೂ ಡಬ್ಬಿಯ ಮೇಲೆ ಎನ್‌ವಿಎಂಇ ಎಂದು ಬರೆದಿದೆಯೇ ನೋಡಿ. ಎಂ.2 ಎಂಬುದು ಆಕಾರದ ಹೆಸರು, ಅದೇ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ. ಡಿಸ್ಕಿನ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಬಹುತೇಕ ಅದು ಸಾಟಾ. ಉದ್ದ 2280 ಇರಲಿ, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

ಕೂರಿಸಿ ನೋಡುವುದು

ಪವರ್ ಕೇಬಲ್ ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ಕರೆಂಟ್ ಹೋಗಲಿ. ಸ್ಲಾಟಿನೊಳಗೆ ಬ್ಲೋವರ್ ಹೊಡೆಯಿರಿ. ನಮ್ಮ ಎರಿ ನೆಲದ ಧೂಳು ಸ್ಲಾಟಿನ ತಳದಲ್ಲಿ ಹಿಟ್ಟಿನಂತೆ ಕೂತಿರುತ್ತದೆ, ಮೆಣಸಿನಕಾಯಿ ಅಂಗಡಿಯ ಪಿಸಿಯಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಿಚ್ಚಬೇಕು. ನಾಲ್ಕು ಲೇನ್ ಬದಲು ಒಂದೇ ಲೇನ್ ಹಿಡಿದು ವೇಗ ಕುಸಿಯುವುದಕ್ಕೆ ಎಷ್ಟೋ ಸಲ ಈ ಧೂಳೇ ಕಾರಣ. ಕಾರ್ಡಿನ ಬಂಗಾರ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಡಿಸ್ಕನ್ನು ಓರೆಯಾಗಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ, ಸ್ಕ್ರೂ ಬಿಗಿಯಿರಿ. ಸ್ಕ್ರೂ ಇಲ್ಲದೆ ಟೇಪ್ ಅಂಟಿಸುವುದು ಬೇಡ, ಬೇಸಿಗೆಯ ಬಿಸಿಗೆ ಅಂಟು ಬಿಟ್ಟು ಡಿಸ್ಕ್ ಮೇಲೇಳುತ್ತದೆ.

ಈಗ ಹಳೆಯ ಹಾರ್ಡ್‌ಡಿಸ್ಕಿನಿಂದಲೇ ವಿಂಡೋಸ್ ಏಳಿಸಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕ್ ಕಂಡರೆ ಹಾರ್ಡ್‌ವೇರ್ ಸರಿ ಇದೆ, ಮುಂದಿನದೆಲ್ಲ ಸಾಫ್ಟ್‌ವೇರಿನ ಮಾತು. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಟ್ರಾನ್ಸ್‌ಫರ್ ಮೋಡ್ ನೋಡಿ: ಗೆರೆಯ ಎಡಕ್ಕೆ ಈಗ ಸಿಗುತ್ತಿರುವ ಲೇನ್, ಬಲಕ್ಕೆ ಡಿಸ್ಕಿನ ಗರಿಷ್ಠ ತಾಕತ್ತು. ಎಡಕ್ಕೆ ಪಿಸಿಐಇ 2.0 ಎಕ್ಸ್4 ಎಂದಿದ್ದರೆ ಎಚ್61, ಎಚ್81ಕ್ಕೆ ಅಷ್ಟೇ, ಅದು ತಪ್ಪಲ್ಲ. ಎಕ್ಸ್1 ಎಂದಿದ್ದರೆ ಕಾರ್ಡ್ ತೆಗೆದು ಮತ್ತೆ ಕೂರಿಸಿ. ಡಿಸ್ಕೇ ಕಾಣದಿದ್ದರೆ ಇಲ್ಲಿಗೆ ನಿಲ್ಲಿ. ಇನ್ನೊಂದು ಸ್ಲಾಟ್, ಇನ್ನೊಂದು ಅಡಾಪ್ಟರ್ ಪರೀಕ್ಷಿಸದೆ ಬಯೋಸ್ ತಿದ್ದುವ ಯೋಚನೆಗೆ ಹೋಗಬೇಡಿ.

ಕಾರ್ಡ್ ಹಾಕಿದ ಮೇಲೆ ಸ್ಕ್ರೀನೇ ಕಪ್ಪಾದರೆ, ಎಕ್ಸ್16ರಲ್ಲಿ ಏನೋ ಕೂತಿದೆ ಎಂದು ಬೋರ್ಡು ಆನ್‌ಬೋರ್ಡ್ ಡಿಸ್‌ಪ್ಲೇ ಮುಚ್ಚಿರಬಹುದು. ಕಾರ್ಡ್ ತೆಗೆದು, ಬಯೋಸಿನಲ್ಲಿ ಪ್ರೈಮರಿ ಡಿಸ್‌ಪ್ಲೇಯನ್ನು ಆನ್‌ಬೋರ್ಡ್ ಅಥವಾ ಐಜಿಎಫ್‌ಎಕ್ಸ್‌ಗೆ ಇಟ್ಟು, ಸೇವ್ ಮಾಡಿ ಮತ್ತೆ ಹಾಕಿ.

ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಕೊನೆಯ ಬಯೋಸ್ ಅಪ್‌ಡೇಟಿನ ವಿವರವನ್ನೂ ಓದಿ. ಎನ್‌ವಿಎಂಇ ಸಪೋರ್ಟ್ ಸೇರಿಸಿದ್ದೇವೆ ಎಂಬ ಸಾಲು ಇದ್ದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಿಲ್ಲ. 9 ಸೀರೀಸಿನಲ್ಲಿ ಇದು ಸಾಮಾನ್ಯ, ಅದಕ್ಕಿಂತ ಹಳೆಯವುಗಳಲ್ಲಿ ಅಪರೂಪ.

ಲಿನಕ್ಸ್ ಆದರೆ

ಇದು ಎಲ್ಲಕ್ಕಿಂತ ಸುಲಭದ ದಾರಿ, ಜಿ41ರಂಥ ಯುಇಎಫ್‌ಐ ಇಲ್ಲದ ಬೋರ್ಡಿಗೂ ಒಗ್ಗುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ 8ನೇ ತಲೆಮಾರು ಮತ್ತು ಟಿಪಿಎಂ 2.0. ಹೀಗಿರುವಾಗ ಓದಿಗೆ, ಬ್ರೌಸಿಂಗ್‌ಗೆ ಇರುವ ಪಿಸಿಯಲ್ಲಿ ಉಬುಂಟು ಅಥವಾ ಮಿಂಟ್ ಹಾಕುವುದು ಒಳ್ಳೆಯ ನಿರ್ಧಾರ.

ಇನ್‌ಸ್ಟಾಲರಿನಲ್ಲಿ ಪಾರ್ಟಿಷನ್ ನಾವೇ ಮಾಡುತ್ತೇವೆ ಎಂಬ ಆಯ್ಕೆ ತೆಗೆದುಕೊಳ್ಳಿ. ಹಳೆಯ ಸಾಟಾ ಹಾರ್ಡ್‌ಡಿಸ್ಕಿನಲ್ಲಿ 512 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್, 2 ಜಿಬಿಯ ಇಎಕ್ಸ್‌ಟಿ4 ಬೂಟ್ ಪಾರ್ಟಿಷನ್ ಮಾಡಿ. ಎನ್‌ವಿಎಂಇ ಪೂರ್ತಿ ರೂಟ್‌ಗೆ, ಅಂದರೆ ಸಿಸ್ಟಂ ಫೈಲುಗಳಿಗೆ, ಕೊಡಿ. ಲಿನಕ್ಸ್ ಏಳಿಸುವ ಬೂಟ್ ಲೋಡರ್ ಗ್ರಬ್ ಸಾಟಾ ಡಿಸ್ಕಿನ ಮೇಲೆ ಇರಲಿ. ಬಯೋಸ್ ಸಾಟಾದಿಂದ ಗ್ರಬ್ ಓದುತ್ತದೆ, ಗ್ರಬ್ ಅದೇ ಡಿಸ್ಕಿನಿಂದ ಕರ್ನಲ್ ಎತ್ತುತ್ತದೆ, ಕರ್ನಲ್‌ಗೆ ಎನ್‌ವಿಎಂಇ ಬರುತ್ತದೆ. ಬೂಟ್ ಪಾರ್ಟಿಷನ್ ಮಾಡುವುದನ್ನು ಮರೆತರೆ ಕರ್ನಲ್ ಎನ್‌ವಿಎಂಇ ಮೇಲೆ ಹೋಗಿ ಕೂರುತ್ತದೆ, ಆಗ ಡಿವೈಸ್ ಇಲ್ಲ ಎಂದು ಗ್ರಬ್ ರೆಸ್ಕ್ಯೂ ಪ್ರಾಂಪ್ಟಿನಲ್ಲಿ ನಿಲ್ಲುತ್ತದೆ. 2 ಜಿಬಿ ಹೇಳಿದ್ದಕ್ಕೂ ಕಾರಣವಿದೆ: ಅಪ್‌ಡೇಟ್ ಆದಂತೆ ಹಳೆಯ ಕರ್ನಲ್‌ಗಳು ಅಲ್ಲಿ ಗುಡ್ಡೆಯಾಗಿ, ಚಿಕ್ಕ ಪಾರ್ಟಿಷನ್ ತುಂಬಿ, ಮುಂದಿನ ಅಪ್‌ಡೇಟ್ ಅರ್ಧಕ್ಕೆ ಮುರಿಯುತ್ತದೆ.

ವಿಂಡೋಸ್: ಪೆನ್ ಡ್ರೈವ್ ಲೋಡರ್

ವಿಂಡೋಸ್‌ಗೆ ಮೇಲಿನ ಉಪಾಯ ನಡೆಯುವುದಿಲ್ಲ. ಬೂಟ್ ಮ್ಯಾನೇಜರನ್ನು ಸಾಟಾ ಡಿಸ್ಕಿನಲ್ಲಿ ಇಟ್ಟರೂ ಅದು ವಿನ್‌ಲೋಡ್ ಮತ್ತು ಕರ್ನಲ್ ಫೈಲುಗಳನ್ನು ಬಯೋಸಿನ ಮೂಲಕವೇ ಓದಬೇಕು, ಆ ಫೈಲುಗಳು ಇರುವುದು ಎನ್‌ವಿಎಂಇ ಮೇಲೆ. ಆದ್ದರಿಂದ ಬೂಟ್ ಮ್ಯಾನೇಜರಿಗಿಂತ ಮುಂಚೆ ಓಡುವ ಒಂದು ಲೋಡರ್ ಬೇಕು, ಅದು ಎನ್‌ವಿಎಂಇ ಡ್ರೈವರನ್ನು ಮೆಮರಿಗೆ ಏರಿಸಿ ಆಮೇಲೆ ವಿಂಡೋಸನ್ನು ಕರೆಯಬೇಕು. ಬಳಕೆಯಲ್ಲಿ ಇರುವವು ಎರಡು: ರೀಫೈಂಡ್ ಮತ್ತು ಕ್ಲೋವರ್. ಯುಇಎಫ್‌ಐ ಇರುವ ಬೋರ್ಡಿಗೆ ರೀಫೈಂಡ್ ಸರಳ. ಯುಇಎಫ್‌ಐ ಇಲ್ಲದಿದ್ದರೆ ಕ್ಲೋವರೇ ಗತಿ, ಅದು ಲೆಗಸಿ ಬಯೋಸಿನ ಮೇಲೆ ತಾನೇ ಒಂದು ಯುಇಎಫ್‌ಐ ಪರಿಸರ ಎಬ್ಬಿಸುತ್ತದೆ.

ಬೇಕಾದ ಸಾಮಾನು: ಚಿಕ್ಕ ಪೆನ್ ಡ್ರೈವ್ ಒಂದು, 2 ಜಿಬಿಯದಾದರೂ ನಡೆಯುತ್ತದೆ, ವಿಂಡೋಸ್ ಇನ್‌ಸ್ಟಾಲರಿಗೆ 8 ಜಿಬಿಯ ಇನ್ನೊಂದು, ರೀಫೈಂಡ್ ಮತ್ತು ಕ್ಲೋವರ್ ಎರಡರ ಝಿಪ್ ಫೈಲು. ಎನ್‌ವಿಎಂಎಕ್ಸ್‌ಪ್ರೆಸ್‌ಡಿಎಕ್ಸ್‌ಇ ಎಂಬ ಇಎಫ್‌ಐ ಡ್ರೈವರ್ ಸಿಗುವುದು ಕ್ಲೋವರ್ ಝಿಪ್ಪಿನೊಳಗೆ, ಹಾಗಾಗಿ ರೀಫೈಂಡ್ ಬಳಸುವವರಿಗೂ ಅದು ಬೇಕು.

ರೀಫೈಂಡ್ ದಾರಿ ಹೀಗೆ. ಚಿಕ್ಕ ಪೆನ್ ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಹೊಡೆಯಿರಿ. ಅದರಲ್ಲಿ ಇಎಫ್‌ಐ ಹೆಸರಿನ ಫೋಲ್ಡರ್, ಅದರೊಳಗೆ ಬೂಟ್ ಹೆಸರಿನ ಫೋಲ್ಡರ್ ಮಾಡಿ. ರೀಫೈಂಡ್ ಝಿಪ್ಪಿನ ರೀಫೈಂಡ್ ಫೋಲ್ಡರಿನ ಒಳಗಿನದೆಲ್ಲವನ್ನೂ ಅಲ್ಲಿಗೆ ಹಾಕಿ, ಎಕ್ಸ್64 ಎಂದು ಕೊನೆಯಾಗುವ ರೀಫೈಂಡ್ ಇಎಫ್‌ಐ ಫೈಲಿನ ಹೆಸರನ್ನು ಬೂಟ್‌ಎಕ್ಸ್64 ಎಂದು ಬದಲಿಸಿ. ಬೋರ್ಡು ಪೆನ್ ಡ್ರೈವ್‌ನಲ್ಲಿ ತಾನಾಗಿ ಹುಡುಕುವುದು ಆ ಹೆಸರನ್ನೇ. ಡ್ರೈವರ್ಸ್_ಎಕ್ಸ್64 ಫೋಲ್ಡರಿನಲ್ಲಿ ಎನ್‌ವಿಎಂಇ ಡ್ರೈವರ್ ಇಡಿ. ಉಳಿದ ಫೈಲ್‌ಸಿಸ್ಟಂ ಡ್ರೈವರುಗಳನ್ನು ಅಲ್ಲಿಂದ ಅಳಿಸಿ. ಬೇಡದ ಡ್ರೈವರ್ ಇದ್ದಷ್ಟು ಬೂಟ್ ನಿಧಾನ, ಕೆಲವು ಬೋರ್ಡು ಅಲ್ಲೇ ನೇತುಬೀಳುತ್ತವೆ. ಕಾನ್ಫಿಗ್ ಫೈಲಿನಲ್ಲಿ ಟೈಮ್‌ಔಟ್ 20 ಇರುವುದನ್ನು 3ಕ್ಕೆ ಇಳಿಸಿ.

ಕ್ಲೋವರ್ ಆದರೆ, ಬೂಟ್ ಡಿಸ್ಕ್ ಯುಟಿಲಿಟಿ ಎಂಬ ವಿಂಡೋಸ್ ಪ್ರೋಗ್ರಾಂ ಪೆನ್ ಡ್ರೈವನ್ನು ತಾನೇ ಫಾರ್ಮ್ಯಾಟ್ ಹೊಡೆದು ಕ್ಲೋವರ್ ಬರೆಯುತ್ತದೆ. ಆಮೇಲೆ ಕ್ಲೋವರ್ ಫೋಲ್ಡರಿನ ಡ್ರೈವರ್ಸ್ ಒಳಗಿನ ಆಫ್ ಫೋಲ್ಡರಿನಿಂದ ಎನ್‌ವಿಎಂಇ ಡ್ರೈವರನ್ನು ಬಯೋಸ್ ಮತ್ತು ಯುಇಎಫ್‌ಐ ಎರಡೂ ಫೋಲ್ಡರುಗಳಿಗೆ ಕಾಪಿ ಮಾಡಿ. ಕ್ಲೋವರ್ ಮೂಲತಃ ಆಪಲ್ ಸಿಸ್ಟಂ ಓಡಿಸುವವರಿಗಾಗಿ ಹುಟ್ಟಿದ್ದು. ಅದರ ಕಾನ್ಫಿಗ್ ಫೈಲಿನಲ್ಲಿ ಎಸಿಪಿಐ (ಪವರ್ ಮತ್ತು ಹಾರ್ಡ್‌ವೇರ್ ವಿವರದ ಕೋಷ್ಟಕ) ತಿದ್ದುಪಡಿಗಳೇನಾದರೂ ಇದ್ದರೆ ತೆಗೆದುಹಾಕಿ, ಬಿಟ್ಟರೆ ಅವು ವಿಂಡೋಸಿಗೂ ತಗುಲಿ ಬ್ಲೂ ಸ್ಕ್ರೀನ್ ಬರುತ್ತದೆ. ನಿಮಗೆ ಬೇಕಾದದ್ದು ಟೈಮ್‌ಔಟ್ ಮತ್ತು ಡೀಫಾಲ್ಟ್ ವಾಲ್ಯೂಮ್ ಎರಡೇ. ವಾಲ್ಯೂಮ್ ಹೆಸರು ತಿಳಿಯದಿದ್ದರೆ ಕ್ಲೋವರ್ ಮೆನುವಿನಲ್ಲಿ ಎಫ್2 ಒತ್ತಿ, ಪೆನ್ ಡ್ರೈವ್‌ನ ಮಿಸ್ಕ್ ಫೋಲ್ಡರಿನಲ್ಲಿ ಪ್ರೀಬೂಟ್ ಲಾಗ್ ಬರೆದಿಡುತ್ತದೆ, ಅದರಲ್ಲಿ ಪ್ರತಿ ಪಾರ್ಟಿಷನ್ನಿನ ಗುರುತು ಸಂಖ್ಯೆ ಸಿಗುತ್ತದೆ.

ಈಗ ವಿಂಡೋಸ್ ಹಾಕುವುದು. ರೂಫಸ್‌ನಲ್ಲಿ ಇನ್‌ಸ್ಟಾಲರ್ ಪೆನ್ ಡ್ರೈವ್ ಮಾಡುವಾಗ ಪಾರ್ಟಿಷನ್ ಸ್ಕೀಮ್ ಜಿಪಿಟಿ (ಯುಇಎಫ್‌ಐ ಬೂಟಿಗೆ ಬೇಕಾದ ಪಾರ್ಟಿಷನ್ ಪಟ್ಟಿಯ ಬಗೆ), ಟಾರ್ಗೆಟ್ ಯುಇಎಫ್‌ಐ ಇರಲಿ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಇದ್ದರೆ ಆಫ್ ಮಾಡಿ. ಕ್ಯಾಬಿನೆಟ್ ತೆರೆದು ಎಲ್ಲ ಸಾಟಾ ಡಿಸ್ಕುಗಳ ಕೇಬಲ್ ಕಿತ್ತಿಡಿ. ಇದನ್ನು ದಯವಿಟ್ಟು ಬಿಡಬೇಡಿ. ಸಾಟಾ ಡಿಸ್ಕ್ ಇದ್ದರೆ ವಿಂಡೋಸ್ ಸೆಟಪ್ ತನ್ನ ಇಎಫ್‌ಐ ಪಾರ್ಟಿಷನ್ನನ್ನು ಅದರ ಮೇಲೆ ಇಡುವ ಸಂಭವ ಹೆಚ್ಚು. ಆಗ ಬಯೋಸ್ ನಿಮ್ಮ ಲೋಡರನ್ನು ಬಿಟ್ಟು ನೇರವಾಗಿ ಸಾಟಾದ ಬೂಟ್ ಮ್ಯಾನೇಜರಿಗೆ ಹಾರುತ್ತದೆ, ಅದು ಎನ್‌ವಿಎಂಇ ಕಾಣದೆ 0ಎಕ್ಸ್‌ಸಿ000000ಇ ಅಥವಾ 0ಎಕ್ಸ್‌ಸಿ0000225 ಎಂಬ ನೀಲಿ ಪರದೆ ತೋರಿಸುತ್ತದೆ. ಈ ಕೆಲಸದಲ್ಲಿ ಕೆಡುವ ಪ್ರಕರಣಗಳಲ್ಲಿ ಹೆಚ್ಚಿನವು ಇದೇ.

ಎರಡೂ ಪೆನ್ ಡ್ರೈವ್ ಚುಚ್ಚಿ, ಬೂಟ್ ಮೆನುವಿನಲ್ಲಿ ಲೋಡರ್ ಪೆನ್ ಡ್ರೈವನ್ನೇ ಆರಿಸಿ. ಒಂದೇ ಪೆನ್ ಡ್ರೈವ್ ಎರಡು ಸಾಲಾಗಿ ಕಾಣುತ್ತದೆ, ಹೆಸರಿನ ಮುಂದೆ ಯುಇಎಫ್‌ಐ ಇರುವ ಸಾಲು ತೆಗೆದುಕೊಳ್ಳಿ. ಯುಇಎಫ್‌ಐ ಇಲ್ಲದ ಬೋರ್ಡಿನಲ್ಲಿ ಕ್ಲೋವರ್ ಪೆನ್ ಡ್ರೈವಿನದು ಒಂದೇ ಸಾಲು, ಅದನ್ನೇ ಒತ್ತಿ. ಲೋಡರ್ ಮೆನು ಬಂದ ಮೇಲೆ ಅಲ್ಲಿಂದ ವಿಂಡೋಸ್ ಇನ್‌ಸ್ಟಾಲರ್ ಏಳಿಸಿ. ನೇರವಾಗಿ ಇನ್‌ಸ್ಟಾಲರಿನಿಂದ ಬೂಟ್ ಮಾಡಿದರೆ ಡಿಸ್ಕ್ ಕಂಡರೂ, ಈ ಕಂಪ್ಯೂಟರ್ ಈ ಡಿಸ್ಕಿನಿಂದ ಬೂಟ್ ಆಗಲಿಕ್ಕಿಲ್ಲ ಎಂದು ಸೆಟಪ್ ತಡೆಯುತ್ತದೆ. ಲೋಡರ್ ಮೂಲಕ ಹೋದರೆ ಆ ತಕರಾರು ಬರುವುದಿಲ್ಲ. ಎನ್‌ವಿಎಂಇಯ ಎಲ್ಲ ಪಾರ್ಟಿಷನ್ ಅಳಿಸಿ, ಖಾಲಿ ಜಾಗ ಆರಿಸಿ ನೆಕ್ಸ್ಟ್ ಒತ್ತಿ. ನಡುವೆ ರೀಸ್ಟಾರ್ಟ್ ಆದಾಗೆಲ್ಲ ಮತ್ತೆ ಲೋಡರ್ ಪೆನ್ ಡ್ರೈವಿನಿಂದಲೇ ಬಂದು, ಈ ಸಲ ಎನ್‌ವಿಎಂಇ ಮೇಲಿನ ಮೈಕ್ರೋಸಾಫ್ಟ್ ಬೂಟ್ ಆರಿಸಬೇಕು. ಮೊದಲ ರೀಸ್ಟಾರ್ಟಿನಲ್ಲಿ ಮರೆತು ಇನ್‌ಸ್ಟಾಲರಿಗೇ ಹೋದರೆ ಸೆಟಪ್ ಮೊದಲಿನಿಂದ ಶುರುವಾಗುತ್ತದೆ.

ಎಲ್ಲ ಮುಗಿದು ಡೆಸ್ಕ್‌ಟಾಪ್ ಬಂದ ಮೇಲೆ ಸಾಟಾ ಕೇಬಲ್ ಮತ್ತೆ ಹಾಕಿ, ಬಯೋಸಿನಲ್ಲಿ ಮೊದಲ ಬೂಟ್ ಲೋಡರ್ ಪೆನ್ ಡ್ರೈವಿಗೆ ಇಡಿ.

ಪೆನ್ ಡ್ರೈವ್ ಹೊರಗೆ ಚಾಚಿಕೊಂಡಿದ್ದರೆ ಯಾರೋ ಫೋಟೋ ಕಾಪಿ ಮಾಡಲು ಕಿತ್ತುಕೊಂಡು ಹೋಗುತ್ತಾರೆ, ಅಂಗಡಿಯಲ್ಲಿ ಇದು ಖಂಡಿತ ಆಗುವ ಮಾತು. ಬೋರ್ಡಿನ 9 ಪಿನ್ ಯುಎಸ್‌ಬಿ ಹೆಡರಿಗೆ ಕೂರುವ ಚಿಕ್ಕ ಕನ್ವರ್ಟರ್ ಸಿಗುತ್ತದೆ, ಅದಕ್ಕೆ ಚುಚ್ಚಿ ಕ್ಯಾಬಿನೆಟ್ ಒಳಗೇ ಇಡಿ. ಡೇಟಾಕ್ಕೆಂದು ಹಳೆಯ ಹಾರ್ಡ್‌ಡಿಸ್ಕ್ ಉಳಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು: ಅದರಲ್ಲಿ 200 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್ ಮಾಡಿ ಇದೇ ರೀಫೈಂಡ್ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿದರೆ ಪೆನ್ ಡ್ರೈವ್ ಬೇಕಾಗುವುದಿಲ್ಲ.

ಈಗಿರುವ ವಿಂಡೋಸನ್ನೇ ಸಾಗಿಸಬೇಕಾದರೆ

ಅಂಗಡಿ ಪಿಸಿಯಲ್ಲಿ ಹೊಸದಾಗಿ ಎಲ್ಲ ಸಾಫ್ಟ್‌ವೇರ್ ಹಾಕುವುದು ದೊಡ್ಡ ತಲೆನೋವು, ಆದ್ದರಿಂದ ಕ್ಲೋನ್ ಮಾಡುವ ಆಸೆ ಸಹಜ. ಮೊದಲು ಬ್ಯಾಕಪ್ ತೆಗೆಯಿರಿ, ಟ್ಯಾಲಿ ಡೇಟಾ ಫೋಲ್ಡರನ್ನಂತೂ ಬೇರೆ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಡಿಸ್ಕ್ ಹಳೆಯ ಎಂಬಿಆರ್ ಬಗೆಯದಾಗಿದ್ದರೆ ಜಿಪಿಟಿ ಮಾಡಬೇಕು. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ ಒಳಗೇ ಇದೆ. ಮೊದಲು ವ್ಯಾಲಿಡೇಟ್ ಆಯ್ಕೆಯಿಂದ ಪರೀಕ್ಷಿಸಿ, ಸರಿ ಎಂದರೆ ಮಾತ್ರ ಕನ್ವರ್ಟ್ ಮಾಡಿ. ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ಆಮೇಲೆ ಕ್ಲೋನ್‌ಝಿಲ್ಲಾದಿಂದ ಎನ್‌ವಿಎಂಇಗೆ ಕ್ಲೋನ್ ಮಾಡಿ. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. 500 ಜಿಬಿ ಹಾರ್ಡ್‌ಡಿಸ್ಕಿನಿಂದ 256 ಜಿಬಿ ಎಸ್‌ಎಸ್‌ಡಿಗೆ ಹೋಗುವುದಾದರೆ ಪಾರ್ಟಿಷನ್ ಮೊದಲೇ ಕುಗ್ಗಿಸಿಕೊಳ್ಳುವ ಕೆಲಸ ಹೆಚ್ಚುವರಿ.

ಕ್ಲೋನ್ ಆದ ಮೇಲೆ ಇನಾಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ಬ್ಲೂ ಸ್ಕ್ರೀನ್ ಬಂದರೆ ಹೆದರಬೇಡಿ. ಹಳೆಯ ವಿಂಡೋಸ್ ತನ್ನ ಎನ್‌ವಿಎಂಇ ಡ್ರೈವರನ್ನು ಬೂಟ್ ಸಮಯಕ್ಕೆ ಎತ್ತಿಕೊಳ್ಳುವ ಪಟ್ಟಿಗೆ ಸೇರಿಸಿಕೊಂಡಿಲ್ಲ ಎಂದರ್ಥ. ಒಮ್ಮೆ ಸೇಫ್ ಮೋಡಿನಲ್ಲಿ ಏಳಿಸಿದರೆ ಸೇರಿಸಿಕೊಳ್ಳುತ್ತದೆ, ನಂತರ ಮಾಮೂಲಾಗಿ ಏಳುತ್ತದೆ. ಹೊಸ ಡಿಸ್ಕಿನಿಂದ ಮೊದಲ ಸಲ ಏಳಿಸುವಾಗ ಹಳೆಯದರ ಕೇಬಲ್ ಕಿತ್ತಿರಲಿ, ಎರಡರ ಗುರುತೂ ಒಂದೇ ಆಗಿ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

ವಿಂಡೋಸ್ 7ಕ್ಕೆ ಎನ್‌ವಿಎಂಇ ಗೊತ್ತೇ ಇಲ್ಲ. ಕೆಬಿ2990941 ಮತ್ತು ಕೆಬಿ3087873 ಎಂಬ ಎರಡು ಪ್ಯಾಚುಗಳನ್ನು ಇನ್‌ಸ್ಟಾಲರಿಗೆ ಬೆರೆಸಿದರೆ ಓಡುತ್ತದೆ. ಆದರೆ ಹಳೆಯ ಪೇಜ್‌ಮೇಕರಿಗಾಗಿ 7 ಬಿಡದ ಪ್ರೆಸ್ಸುಗಳಿಗೆ ನಮ್ಮ ಸಲಹೆ: ಅದಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿ, ನೆಮ್ಮದಿಯಿಂದಿರಿ.

ಬಯೋಸಿಗೇ ಡ್ರೈವರ್ ಸೇರಿಸುವುದು

ಯುಇಎಫ್‌ಐ ಬೋರ್ಡಿನಲ್ಲಿ ಲೋಡರ್ ಜಂಜಾಟವೇ ಬೇಡ ಎನ್ನುವವರಿಗೆ ಇದು ಶಾಶ್ವತ ಪರಿಹಾರ. ಆದರೆ ಚಿಪ್ಪನ್ನು ಹೊರಗಿನಿಂದ ಮತ್ತೆ ಬರೆಯುವ ಸಾಧನ ಕೈಯಲ್ಲಿ ಇಲ್ಲದೆ ಇದನ್ನು ಶುರುಮಾಡಲೇಬೇಡಿ. ಬೇಕಾದದ್ದು ಸಿಎಚ್341ಎ ಪ್ರೋಗ್ರಾಮರ್ ಮತ್ತು 8 ಕಾಲಿನ ಚಿಪ್ಪಿಗೆ ಹಿಡಿಯುವ ಕ್ಲಿಪ್. ಈ ಕಾಲದ ಬೋರ್ಡುಗಳ ಚಿಪ್ಪು 25ಕ್ಯೂ32 ಅಥವಾ 25ಕ್ಯೂ64 ಜಾತಿಯದು, ಅಂದರೆ 4 ಅಥವಾ 8 ಎಂಬಿ, ಓಡುವುದು 3.3 ವೋಲ್ಟಿನಲ್ಲಿ. ಕಪ್ಪು ಬಣ್ಣದ ಅಗ್ಗದ ಸಿಎಚ್341ಎಗಳಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಹೋಗುವ ದೋಷ ಇದೆ, ವೋಲ್ಟೇಜ್ ಸ್ವಿಚ್ ಇರುವ ಮಾದರಿಯನ್ನೇ ಕೊಳ್ಳಿ.

ಎಸ್‌ಎಂಪಿಎಸ್ ಕೇಬಲ್, ಸಿಆರ್2032 ಸೆಲ್ ಎರಡನ್ನೂ ಬೋರ್ಡಿನಿಂದ ತೆಗೆಯಿರಿ. ಕ್ಲಿಪ್ಪಿನ ಕೆಂಪು ತಂತಿ ಚಿಪ್ಪಿನ ಮೇಲೆ ಚುಕ್ಕೆ ಇರುವ ಒಂದನೇ ಕಾಲಿಗೆ ಬರಬೇಕು. ಚಿಪ್ಪನ್ನು ಮೂರು ಸಲ ಓದಿ ಮೂರು ಫೈಲು ಉಳಿಸಿ, ಮೂರೂ ಅಕ್ಷರಶಃ ಒಂದೇ ಇವೆಯೇ ಹೋಲಿಸಿ. ಎಲ್ಲೆಲ್ಲೂ ಎಫ್‌ಎಫ್ ಕಂಡರೆ ಕ್ಲಿಪ್ ಕಚ್ಚಿಲ್ಲ. ಒಂದೊಂದು ಸಲ ಒಂದೊಂದು ಬಂದರೆ ಬೋರ್ಡಿನ ಉಳಿದ ಭಾಗ ಪ್ರೋಗ್ರಾಮರಿನ ಕರೆಂಟ್ ಹೀರುತ್ತಿದೆ; ಅಂಥ ಓದಿನ ಮೇಲೆ ಏನನ್ನೂ ಕಟ್ಟಬೇಡಿ, ಚಿಪ್ ಬಿಚ್ಚಿಸಿ ಓದಿಸಿ. ಸಾಕೆಟ್ಟಿನಲ್ಲಿ ಕೂತ ಚಿಪ್ ಇರುವ ಬೋರ್ಡಾದರೆ ಈ ತೊಂದರೆಯಿಲ್ಲ, ಎಳೆದು ತೆಗೆಯಬಹುದು.

ಡ್ರೈವರ್ ಸೇರಿಸಬೇಕಾದದ್ದು ನಿಮ್ಮ ಚಿಪ್ಪಿನಿಂದ ಓದಿದ ಆ ಫೈಲಿಗೇ, ವೆಬ್‌ಸೈಟಿನಿಂದ ಇಳಿಸಿದ ಬಯೋಸ್ ಫೈಲಿಗಲ್ಲ. ಕಾರಣ, ನಿಮ್ಮ ಬೋರ್ಡಿನ ಸೀರಿಯಲ್ ನಂಬರ್, ಯುಯುಐಡಿ, ಹಲವು ಬೋರ್ಡುಗಳಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ ಕೂಡ ಅದೇ ಚಿಪ್ಪಿನಲ್ಲಿ ಇರುತ್ತವೆ. ಕಂಪನಿಯ ಫೈಲನ್ನು ಪ್ರೋಗ್ರಾಮರಿನಿಂದ ಇಡಿಯಾಗಿ ಬರೆದರೆ ಅವೆಲ್ಲ ಅಳಿದು, ಲ್ಯಾನ್ ಕೈಕೊಡುವುದು, ವಿಂಡೋಸ್ ಆಕ್ಟಿವೇಷನ್ ಹೋಗುವುದು ಶುರುವಾಗುತ್ತದೆ.

ಸಾಧನ ಯುಇಎಫ್‌ಐಟೂಲ್‌ನ 0.25 ಅಥವಾ 0.28. ಎನ್‌ಇ ಎಂಬ ಹೊಸ ಸಾಲಿನ ಆವೃತ್ತಿಗಳು ನೋಡಲು ಮಾತ್ರ, ತಿದ್ದಲು ಬರುವುದಿಲ್ಲ. ಫೈಲು ತೆರೆದು ಡಿಎಕ್ಸ್‌ಇ (ಬೂಟ್ ಸಮಯದಲ್ಲಿ ಬಯೋಸ್ ಎತ್ತಿಕೊಳ್ಳುವ) ಡ್ರೈವರುಗಳು ಸಾಲಾಗಿರುವ ವಾಲ್ಯೂಮ್ ಹುಡುಕಿ. ಆ ಸಾಲಿನ ಕೊನೆಯ ಡಿಎಕ್ಸ್‌ಇ ಡ್ರೈವರಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸರ್ಟ್ ಆಫ್ಟರ್ ಒತ್ತಿ, ಎಫ್‌ಎಫ್‌ಎಸ್ ರೂಪದ (ಬಯೋಸ್ ಫೈಲಿನೊಳಗೆ ಸೇರುವ ರೂಪ) ಎನ್‌ವಿಎಂಇ ಡ್ರೈವರ್ ಆರಿಸಿ, ಸೇವ್ ಮಾಡಿ. ಜಾಗ ಸಾಲದು ಎಂದು ಬಂದರೆ, 4 ಎಂಬಿ ಚಿಪ್ಪಿನ ಎಚ್61ಗಳಲ್ಲಿ ಇದು ಸಾಮಾನ್ಯ, ಅದೇ ಡ್ರೈವರಿನ ಸ್ಮಾಲ್ ಎಂಬ ಚಿಕ್ಕ ರೂಪ ಇದೆ, ಅದನ್ನು ಸೇರಿಸಿ. ಸೇವ್ ಆದ ಫೈಲನ್ನು ಮತ್ತೆ ತೆರೆದು ಮೂಲದ ಪಕ್ಕ ಇಟ್ಟು ನೋಡಿ. ಪ್ಯಾಡ್ ಫೈಲ್ ಎಂಬ ಸಾಲುಗಳು ಮೂಲದಲ್ಲಿ ಇದ್ದಷ್ಟೇ, ಇದ್ದಲ್ಲೇ ಇರಬೇಕು. ಒಂದು ಕಳೆದಿದ್ದರೂ, ಹೊಸದೊಂದು ಹುಟ್ಟಿದ್ದರೂ ಆ ಫೈಲ್ ಬರೆಯಬೇಡಿ. ಎಂಎಂಟೂಲ್‌ನಿಂದ ಅದೇ ಕೆಲಸ ಮತ್ತೆ ಮಾಡಿ. 6ರಿಂದ 8 ಸೀರೀಸಿನ ಎಎಂಐ ಬಯೋಸಿಗೆ ಎಂಎಂಟೂಲ್ 4.50 ಸರಿ, 5 ಅಲ್ಲ.

ಫೈಲಿನ ಗಾತ್ರ ಚಿಪ್ಪಿನ ಗಾತ್ರಕ್ಕೆ ಒಂದು ಬೈಟೂ ಹೆಚ್ಚುಕಡಿಮೆ ಇರಬಾರದು. ಇರೇಸ್, ರೈಟ್, ವೆರಿಫೈ, ಈ ಕ್ರಮದಲ್ಲಿ ಬರೆಯಿರಿ. ಪ್ರೋಗ್ರಾಮರ್ ಹಚ್ಚಿದ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಕೆಲವು ಬೋರ್ಡುಗಳು ತಿದ್ದಿದ ಫೈಲನ್ನು ಬಯೋಸ್ ಮೆನುವಿನ ಫ್ಲ್ಯಾಶ್ ಮೂಲಕವೇ ಒಪ್ಪುತ್ತವೆ. ಹಾಗೆ ಮಾಡುವುದಾದರೆ ಯುಪಿಎಸ್ ಮೇಲೆ ಮಾತ್ರ, ಅದೂ ಯುಪಿಎಸ್ ಬ್ಯಾಟರಿ ನಿಜವಾಗಿ ಹಿಡಿಯುತ್ತದೆಯೇ ಎಂದು ಪ್ಲಗ್ ಕಿತ್ತು ನೋಡಿದ ಮೇಲೆ. ಮೇ ತಿಂಗಳ ಮಧ್ಯಾಹ್ನದ ಗಾಳಿ ಮಳೆಗೆ ಹೆಸ್ಕಾಂ ಲೈನ್ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು, ಬರೆಯುವ ನಡುವೆ ಹೋದರೆ ಬೋರ್ಡು ಸತ್ತಂತೆ. ಡೆಲ್, ಎಚ್‌ಪಿ, ಲೆನೊವೊ ಮತ್ತು ಇಂಟೆಲ್ ಹೆಸರಿನ ಬೋರ್ಡುಗಳು ಸಹಿ ಪರೀಕ್ಷೆ ಮಾಡಿ ತಿದ್ದಿದ ಫೈಲನ್ನು ತಿರಸ್ಕರಿಸುವುದೇ ಹೆಚ್ಚು, ಅಲ್ಲಿ ಕ್ಲಿಪ್ ಇಲ್ಲದೆ ದಾರಿಯಿಲ್ಲ. ಎರಡು ಚಿಪ್ ಇರುವ ಗಿಗಾಬೈಟ್ ಬೋರ್ಡಾದರೆ ಮುಖ್ಯ ಚಿಪ್ ಮಾತ್ರ ತಿದ್ದಿ, ಬ್ಯಾಕಪ್ ಚಿಪ್ ಮುಟ್ಟಬೇಡಿ.

ಬರೆದ ಮೇಲೆ ಸೆಲ್ ಹಾಕಿ, ಸಿಮಾಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಜಾಗ) ಕ್ಲಿಯರ್ ಮಾಡಿ ಆನ್ ಮಾಡಿ. ಸೆಟಪ್ಪಿನಲ್ಲಿ ತಾರೀಕು, ಸಾಟಾ ಮೋಡ್, ಬೂಟ್ ಕ್ರಮ ಎಲ್ಲ ಮೂಲ ಸ್ಥಿತಿಗೆ ಹೋಗಿರುತ್ತವೆ. ಸಾಟಾ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಮರಳಿದ್ದರೆ ಹಳೆಯ ಡಿಸ್ಕಿನ ವಿಂಡೋಸ್ ಬ್ಲೂ ಸ್ಕ್ರೀನ್ ಕೊಡುತ್ತದೆ, ಅದನ್ನು ಬಯೋಸ್ ಕೆಟ್ಟಿತೆಂದು ತಿಳಿಯಬೇಡಿ. ಬೂಟ್ ಪಟ್ಟಿಯಲ್ಲಿ ಹೊಸ ಡಿಸ್ಕ್ ತನ್ನ ಹೆಸರಿನಿಂದ ಕಾಣದೆ ಪಾಟಾ ಅಥವಾ ಪಾಟಾ ಎಸ್‌ಎಸ್ ಎಂದು ಕಾಣುವುದು ಸರಿಯೇ. ವಿಂಡೋಸ್ ಯುಇಎಫ್‌ಐ ಮೋಡಿನಲ್ಲಿ ಇನ್‌ಸ್ಟಾಲ್ ಆದ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಸಾಲು ಸೇರುತ್ತದೆ, ಅದನ್ನು ಮೊದಲು ಇಡಿ. ಸೇರಿಸಿದ್ದು ಯುಇಎಫ್‌ಐ ಡ್ರೈವರ್, ಹಾಗಾಗಿ ಲೆಗಸಿ ಮೋಡಿನ ವಿಂಡೋಸ್ ಇದರಿಂದ ಏಳುವುದಿಲ್ಲ. 2015ರ ಸ್ಯಾಮ್‌ಸಂಗ್ 950 ಪ್ರೊದಂಥ ಕೆಲವೇ ಡಿಸ್ಕುಗಳಲ್ಲಿ ಲೆಗಸಿ ಬೂಟಿಗೆ ಬೇಕಾದ ಆಪ್ಷನ್ ರೋಮ್ (ಚಿಕ್ಕ ಬೂಟ್ ಪ್ರೋಗ್ರಾಂ) ಡಿಸ್ಕಿನೊಳಗೇ ಇತ್ತು.

ಓಡತೊಡಗಿದ ಮೇಲೆ

ಕೆಲಸದ ನಡುವೆ ಪಿಸಿ ಗಕ್ಕನೆ ನಿಂತು ರೀಸ್ಟಾರ್ಟ್ ಬಳಿಕ ಸರಿಯಾಗುತ್ತಿದ್ದರೆ, ವಿಂಡೋಸ್ ಪವರ್ ಆಪ್ಷನ್ಸ್‌ನ ಪಿಸಿಐ ಎಕ್ಸ್‌ಪ್ರೆಸ್ ವಿಭಾಗದಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಹಳೆಯ ಬೋರ್ಡುಗಳಿಗೆ ಹೊಸ ಡಿಸ್ಕಿನ ನಿದ್ದೆ ಎಚ್ಚರಗಳು ಹೊಂದುವುದಿಲ್ಲ.

ಬಿಸಿಯ ಬಗ್ಗೆ ಉದಾಸೀನ ಬೇಡ. ಎಕ್ಸ್16 ಸ್ಲಾಟ್ ಪ್ರೊಸೆಸರ್ ಫ್ಯಾನಿನ ಹತ್ತಿರವೇ ಇರುತ್ತದೆ, ಏಪ್ರಿಲಿನ ತಗಡಿನ ಮಾಡಿನ ಕೆಳಗೆ ಕ್ಯಾಬಿನೆಟ್ ಒಳಗಿನ ಗಾಳಿಯೇ ಕಾದಿರುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ 70 ಡಿಗ್ರಿ ದಾಟುತ್ತಿದ್ದರೆ ಅಲ್ಯುಮಿನಿಯಂ ಹೀಟ್‌ಸಿಂಕ್ ಅಂಟಿಸಿ, ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಸುಲಿಯುವುದನ್ನು ಮರೆಯಬೇಡಿ.

ಲೋಡರ್ ಪೆನ್ ಡ್ರೈವಿನ ಇನ್ನೊಂದು ಪ್ರತಿ ಮಾಡಿ, ಅದರಿಂದಲೂ ಒಮ್ಮೆ ಬೂಟ್ ಮಾಡಿ ನೋಡಿ ಎತ್ತಿಡಿ. ಬಯೋಸ್ ತಿದ್ದಿದ್ದರೆ ಮೂಲ ಚಿಪ್ಪಿನ ಫೈಲನ್ನು ಬೋರ್ಡಿನ ಹೆಸರು, ತಾರೀಕಿನೊಂದಿಗೆ ಬೇರೆ ಎರಡು ಕಡೆ ಉಳಿಸಿ. ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ: ವಿಂಡೋಸ್ ಇರುವುದು ಎನ್‌ವಿಎಂಇ ಮೇಲೆ, ಬೂಟ್ ಲೋಡರ್ ಇರುವುದು ಒಳಗಿನ ಪೆನ್ ಡ್ರೈವಿನಲ್ಲಿ, ಸಾಟಾ ಮೋಡ್ ಎಎಚ್‌ಸಿಐ. ಸೆಲ್ ಸತ್ತು ಸೆಟ್ಟಿಂಗ್ ಹಾರಿಹೋದ ದಿನ ರಿಪೇರಿಗೆ ಬಂದ ಹುಡುಗ ಆ ಚೀಟಿ ಓದಿಕೊಂಡರೆ ಫಾರ್ಮ್ಯಾಟ್ ಹೊಡೆಯುವ ಮಾತೇ ಬರುವುದಿಲ್ಲ.